ಮೆಲ್ಟ್ ಅಂಡ್ ಪೋರ್ ಸಾಬೂನಿನಲ್ಲಿ ಬಣ್ಣ ನಿಲ್ಲುತ್ತಿಲ್ಲ: ಅರಿಶಿನ ಕೆಂಪಾಗುತ್ತದೆ, ಬೀಟ್‌ರೂಟ್ ಕಂದುತ್ತದೆ, ಫುಡ್ ಕಲರ್ ಪದರದಿಂದ ಪದರಕ್ಕೆ ಹರಿಯುತ್ತದೆ

ಪ್ರಶ್ನೆ: ಮಲ್ಲಿಗೆಹಂದರ, ಪುತ್ತೂರು

ಎಲ್ಲರಿಗೂ ನಮಸ್ಕಾರ. ಅಂಗಡಿಯಲ್ಲಿ ಸಿಗುವ ಗ್ಲಿಸರಿನ್ ಸೋಪ್ ಬೇಸನ್ನು ತಂದು, ಕರಗಿಸಿ, ಸಿಲಿಕೋನ್ ಅಚ್ಚುಗಳಲ್ಲಿ ಹೊಯ್ದು ಮನೆಯಲ್ಲೇ ಸಾಬೂನು ಮಾಡುವ ಅಭ್ಯಾಸವನ್ನು ಇತ್ತೀಚೆಗೆ ಹಚ್ಚಿಕೊಂಡಿದ್ದೇನೆ. ಪರಿಮಳ, ಆಕಾರ ಎರಡೂ ಮನಸ್ಸಿಗೆ ಒಪ್ಪುವಂತೆ ಬರುತ್ತಿವೆ. ಬಣ್ಣ ಮಾತ್ರ ಹೇಳಿದ ಮಾತು ಕೇಳುತ್ತಿಲ್ಲ. ತಂಗಿಯ ಮಗುವಿನ ನಾಮಕರಣಕ್ಕೆ ಬರುವ ನೆಂಟರಿಗೆ ತಾಂಬೂಲದ ಜೊತೆ ಒಂದೊಂದು ಸಾಬೂನು ಕೊಡುವ ಯೋಚನೆ ಇರುವುದರಿಂದ, ಅಷ್ಟರೊಳಗೆ ಇದರ ಗುಟ್ಟು ತಿಳಿದುಕೊಳ್ಳಬೇಕಾಗಿದೆ.

ನಾನು ಬಯಸಿದ್ದು ಮೂರು ಪದರಗಳ ಸಾಬೂನು: ಅಡಿಯಲ್ಲಿ ಕೆಂಪು, ನಡುವೆ ಬಿಳಿ, ಮೇಲೆ ಹಳದಿ. ಕೆಂಪಿಗೆ ಸಿಹಿತಿಂಡಿಗೆ ಬಳಸುವ ಫುಡ್ ಕಲರನ್ನೇ ಹಾಕಿದೆ. ಅಚ್ಚಿನಿಂದ ತೆಗೆದಾಗ ಪದರಗಳ ಅಂಚು ಗೆರೆ ಎಳೆದಷ್ಟು ಚೊಕ್ಕವಾಗಿತ್ತು. ಕೆಲವೇ ದಿನಗಳಲ್ಲಿ ಕೆಂಪು ಮೇಲಕ್ಕೇರಿ ಬಿಳಿಯ ಪದರವೆಲ್ಲ ನಸುಗೆಂಪಾಯಿತು. ಹಳದಿಗೆ ಮನೆಯಲ್ಲೇ ಕುಟ್ಟಿದ ಅರಿಶಿನದ ಪುಡಿ ಬೆರೆಸಿದರೆ, ಕಲಕುತ್ತಿರುವಾಗಲೇ ಅದು ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಬೀಟ್‌ರೂಟ್ ರಸವನ್ನೂ ಪ್ರಯೋಗಿಸಿದೆ. ಹಾಕಿದಾಗ ಕಣ್ಣಿಗೆ ಹಬ್ಬವೆನಿಸುವ ಗುಲಾಬಿ, ಗಟ್ಟಿಯಾಗುವ ಹೊತ್ತಿಗೆ ಮಾಸಲು ಕಂದು.

ತಿಳಿದವರಲ್ಲಿ ಕೇಳುವುದಿಷ್ಟು. ಒಂದು ಪದರದ ಬಣ್ಣ ಇನ್ನೊಂದಕ್ಕೆ ಹರಿಯದಂತೆ ಮಾಡಲು ಏನು ಬಳಸಬೇಕು? ಮೈಕಾ, ಆಕ್ಸೈಡ್, ಲಿಕ್ವಿಡ್ ಸೋಪ್ ಕಲರ್ ಎಂದು ಮೂರು ಬಗೆಯವು ಮಾರಾಟಕ್ಕಿವೆ. ಅವುಗಳಲ್ಲಿ ನನ್ನ ಕೆಲಸಕ್ಕೆ ಯಾವುದು ಹೊಂದುತ್ತದೆ, ಅರ್ಧ ಕಿಲೋ ಬೇಸಿಗೆ ಎಷ್ಟು ಹಾಕಬೇಕು? ಗಿಡಮೂಲಿಕೆಯ ಬಣ್ಣಗಳಲ್ಲಿ ನಿಜವಾಗಿ ನಿಲ್ಲುವಂಥವು ಯಾವುವು? ನಮ್ಮ ಅತ್ತೆಯವರು “ಬಟ್ಟೆಗೆ ಹಾಕುವ ನೀಲಿ ಇದೆಯಲ್ಲ, ಕುಂಕುಮ ಇದೆಯಲ್ಲ, ಅದನ್ನೇ ಒಂದು ಚಿಟಿಕೆ ಹಾಕು” ಎನ್ನುತ್ತಾರೆ. ಅವು ಮೈಗೆ ಸಲ್ಲುತ್ತವೆಯೇ?

ಉತ್ತರ: ಕ್ಷಾರಬಿಂದು, ಮೈಸೂರು

ಮೇಡಂ, ನಿಮ್ಮ ತೊಂದರೆಗಳು ಬೇರೆ ಬೇರೆಯಾಗಿ ಕಂಡರೂ ಅವುಗಳ ಹಿಂದೆ ಇರುವುದು ಎರಡೇ ಸಂಗತಿಗಳು: ಬಣ್ಣ ಬೇಸಿನಲ್ಲಿ ಕರಗುತ್ತದೆಯೇ ಎಂಬುದು ಒಂದು, ಕ್ಷಾರವನ್ನು ತಾಳುತ್ತದೆಯೇ ಎಂಬುದು ಮತ್ತೊಂದು. ರಸಾಯನಶಾಸ್ತ್ರವನ್ನು ಬಹಳ ಕಾಲ ಪಾಠ ಹೇಳಿದವನಾದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಸಹಿಸಿಕೊಳ್ಳಬೇಕು.

ಮೊದಲು ಬಣ್ಣ ಹರಿಯುವ ವಿಚಾರ. ನಿಮ್ಮ ಸೋಪ್ ಬೇಸ್ ಗಟ್ಟಿಯಾಗಿ ಕಂಡರೂ ಅದರೊಳಗೆ ನೀರು, ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ಸಾರ್ಬಿಟಾಲ್‌ಗಳಂಥ ದ್ರವಗಳು ಸಾಕಷ್ಟು ಪ್ರಮಾಣದಲ್ಲಿ ಉಳಿದೇ ಇರುತ್ತವೆ. ಸಾಬೂನಿನ ಸೂಕ್ಷ್ಮ ಹರಳುಗಳ ಸಂದಿಗಳಲ್ಲಿ ಅವು ತುಂಬಿಕೊಂಡಿರುತ್ತವೆ. ನೀರಿನಲ್ಲಿ ಕರಗುವ ಬಣ್ಣ, ಅಂದರೆ ಡೈ, ಆ ದ್ರವದ ದಾರಿಯಲ್ಲಿ ಹೆಚ್ಚು ಇರುವ ಕಡೆಯಿಂದ ಇಲ್ಲದ ಕಡೆಗೆ ನಿಧಾನವಾಗಿ ಸರಿಯುತ್ತಲೇ ಇರುತ್ತದೆ. ಹೊಸ ಕೆಂಪು ಸೀರೆಯನ್ನು ಬಿಳಿಯ ಪಂಚೆಯ ಜೊತೆ ನೆನೆಹಾಕಿದಾಗ ಆಗುವುದೇ ಇಲ್ಲಿಯೂ ಆಗುತ್ತದೆ, ಗಂಟೆಗಳ ಬದಲು ದಿನಗಳು ಹಿಡಿಯುತ್ತವೆ ಅಷ್ಟೇ. ಫುಡ್ ಕಲರ್‌ಗಳೆಲ್ಲ ಈ ಜಾತಿಯವು. ಲಿಕ್ವಿಡ್ ಸೋಪ್ ಕಲರ್ ಎಂದು ಮಾರುವ ಬಹುತೇಕ ಬಾಟಲಿಗಳಲ್ಲಿ ಇರುವುದೂ ಇವೇ. ಪಿಗ್ಮೆಂಟ್ ಎಂಬುದು ಕರಗದ ನುಣುಪು ಪುಡಿ. ಅದರ ಕಣ ಎಲ್ಲಿ ಸಿಕ್ಕಿಕೊಂಡಿತೋ ಅಲ್ಲೇ ಇರುತ್ತದೆ, ಪಕ್ಕದ ಪದರಕ್ಕೆ ಹೋಗುವುದಿಲ್ಲ.

ಇನ್ನು ಅರಿಶಿನ. ಸಾಬೂನು ಯಾವುದೇ ಇರಲಿ, ಸ್ವಭಾವತಃ ಕ್ಷಾರೀಯ. ಮೆಲ್ಟ್ ಅಂಡ್ ಪೋರ್ ಬೇಸಿನ ಪಿಎಚ್ ಸಾಮಾನ್ಯವಾಗಿ 9ರಿಂದ 10ರ ನಡುವೆ ಇರುತ್ತದೆ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಆಮ್ಲದಲ್ಲಿ ಹಳದಿ, ಕ್ಷಾರದಲ್ಲಿ ಕೆಂಪುಗಂದು. ಆರತಿಗೆ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದಾಗ ಓಕುಳಿ ಕೆಂಪಾಗುವುದನ್ನು ನೀವು ನೋಡಿಯೇ ಇರುತ್ತೀರಿ. ನಿಮ್ಮ ಪಾತ್ರೆಯಲ್ಲಿ ನಡೆದದ್ದೂ ಅದೇ ಕ್ರಿಯೆ. ಅರಿಶಿನ ಒಳ್ಳೆಯದಾದಷ್ಟೂ ಕೆಂಪು ಹೆಚ್ಚು. ಸಾಲದ್ದಕ್ಕೆ ಕರ್ಕ್ಯುಮಿನ್ ಕ್ಷಾರದಲ್ಲೂ ಬೆಳಕಿನಲ್ಲೂ ಒಡೆದು ಹೋಗುವ ಅಣು, ಆದ್ದರಿಂದ ಕಿಟಕಿಯ ಬಳಿ ಇಟ್ಟ ಸಾಬೂನು ಬೇಗ ಬಿಳಿಚಿಕೊಳ್ಳುತ್ತದೆ. ಬೀಟ್‌ರೂಟಿನ ಬೀಟಲೇಯ್ನ್ ಎಂಬ ಬಣ್ಣದ ಅಣುಗಳಿಗೆ ಬಿಸಿಯೂ ಆಗದು, ಕ್ಷಾರವೂ ಆಗದು. ನೀವು ಎರಡನ್ನೂ ಒಟ್ಟಿಗೆ ಕೊಟ್ಟಿದ್ದೀರಿ. ದಾಸವಾಳದ ಹೂವನ್ನು ಪ್ರಯೋಗಿಸುವ ಯೋಚನೆ ಇದ್ದರೆ ಈಗಲೇ ಬಿಡುವುದು ಒಳ್ಳೆಯದು, ಅದರ ಆಂಥೋಸಯನಿನ್ ಎಂಬ ಬಣ್ಣ ಕ್ಷಾರದಲ್ಲಿ ಹಸಿರುಮಿಶ್ರಿತ ಬೂದಿಯಾಗುತ್ತದೆ.

ಕೊಳ್ಳುವಾಗ ಬಳಸಬಹುದಾದ ಒಂದು ಉಪಾಯ ಹೇಳುತ್ತೇನೆ, ಇದು ನೂರು ಸಲಹೆಗಳ ಕೆಲಸ ಮಾಡುತ್ತದೆ. ಪೊಟ್ಟಣದ ಮೇಲೆ ಸಿ.ಐ. ಎಂಬ ಅಕ್ಷರಗಳ ಮುಂದೆ ಐದು ಅಂಕಿಯ ಸಂಖ್ಯೆ ಇರುತ್ತದೆ. ಅದು ಕಲರ್ ಇಂಡೆಕ್ಸ್ ಸಂಖ್ಯೆ. 77ರಿಂದ ಆರಂಭವಾದರೆ ಅದು ಖನಿಜ ಮೂಲದ, ಕರಗದ ಪಿಗ್ಮೆಂಟ್ ಎಂದು ತಿಳಿಯಿರಿ. 77491 ಕೆಂಪು ಐರನ್ ಆಕ್ಸೈಡ್, 77492 ಹಳದಿ, 77499 ಕಪ್ಪು, 77891 ಬಿಳಿಯ ಟೈಟಾನಿಯಂ ಡೈಆಕ್ಸೈಡ್, 77288 ಹಸಿರು ಕ್ರೋಮಿಯಂ ಆಕ್ಸೈಡ್, 77007 ಅಲ್ಟ್ರಾಮರೀನ್, 77019 ಮೈಕಾ. ಇವು ಹರಿಯುವುದಿಲ್ಲ. ಬದಲಿಗೆ 19140, 15985, 16255, 42090 ಎಂಬ ಸಂಖ್ಯೆಗಳು ಕಂಡರೆ ಅವು ಕ್ರಮವಾಗಿ ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಪಾನ್ಸೋ 4ಆರ್, ಬ್ರಿಲಿಯಂಟ್ ಬ್ಲೂ. ನಮ್ಮ ಮಿಠಾಯಿ ಅಂಗಡಿಗಳ ಹಳೆಯ ಪರಿಚಯದವರು, ಎಲ್ಲರೂ ಹರಿಯುವವರು. 77ರ ಗುಂಪಿನಲ್ಲಿಯೂ ಎರಡು ಅಪವಾದಗಳಿವೆ: 77510 ಎಂಬ ಫೆರಿಕ್ ಫೆರೋಸಯನೈಡ್ ನೀಲಿ ಮತ್ತು 77742 ಎಂಬ ಮ್ಯಾಂಗನೀಸ್ ನೇರಳೆ. ಇವು ಹರಿಯವು, ಆದರೆ ಕ್ಷಾರದಲ್ಲಿ ಕಾಲಕ್ರಮೇಣ ಬಣ್ಣ ಕಳೆದುಕೊಳ್ಳುತ್ತವೆ.

ಮೈಕಾ ಎಂದರೆ ಅಭ್ರಕದ ತೆಳುಹಾಳೆಯ ಚೂರುಗಳ ಮೇಲೆ ಬೇರೆ ಪುಡಿಯ ಲೇಪ ಕೊಟ್ಟದ್ದು. ಲೇಪ ಟೈಟಾನಿಯಂ ಅಥವಾ ಐರನ್ ಆಕ್ಸೈಡಿನದಾದರೆ ಚಿಂತೆಯಿಲ್ಲ. ಕಣ್ಣು ಕುಕ್ಕುವ ಗುಲಾಬಿ, ನೇರಳೆ, ಗಿಳಿಹಸಿರು ಮೈಕಾಗಳಲ್ಲಿ ಕೆಲವೊಮ್ಮೆ ಡೈಯನ್ನೇ ಸವರಿರುತ್ತಾರೆ. ಆಗ ಮೈಕಾ ಕದಲದೆ ಇದ್ದರೂ ಅದರ ಮೈಮೇಲಿನ ಬಣ್ಣ ಹರಿಯುತ್ತದೆ. ಆದ್ದರಿಂದ 77019ರ ಪಕ್ಕದಲ್ಲಿ ಬರೆದಿರುವ ಎರಡನೆಯ ಸಂಖ್ಯೆಯನ್ನು ತಪ್ಪದೆ ಓದಬೇಕು. ಸಂಖ್ಯೆಯನ್ನೇ ಮುದ್ರಿಸದ ಪೊಟ್ಟಣವನ್ನು ಅಗ್ಗ ಎಂದು ಕೊಳ್ಳಬೇಡಿ.

ಅತ್ತೆಯವರ ಸಲಹೆಯ ವಿಚಾರ. ಹಿಂದೆ ಪುಡಿಯಾಗಿ ಬರುತ್ತಿದ್ದ ಬಟ್ಟೆಯ ನೀಲಿ ಅಲ್ಟ್ರಾಮರೀನೇ ಆಗಿತ್ತಾದ್ದರಿಂದ ಅವರ ಊಹೆ ಬುಡವಿಲ್ಲದ್ದಲ್ಲ. ಆದರೆ ಈಗಿನ ದ್ರವರೂಪದ ನೀಲಿ ಡೈ, ಮತ್ತು ಪುಡಿಯೇ ಸಿಕ್ಕರೂ ಅದನ್ನು ಮೈಗೆ ಹಚ್ಚುವ ಶುದ್ಧತೆಗೆ ತಯಾರಿಸಿರುವುದಿಲ್ಲ. ಅಂಗಡಿಯ ಕುಂಕುಮದಲ್ಲಿ ಅರಿಶಿನ-ಸುಣ್ಣದ ಕುಂಕುಮ ಯಾವುದು, ಪುಡಿಗೆ ಬಟ್ಟೆಯ ಬಣ್ಣ ಕಟ್ಟಿದ್ದು ಯಾವುದು ಎಂದು ನೋಡಿ ಹೇಳಲಾಗದು. ರಂಗೋಲಿ ಪುಡಿ, ಹೋಳಿಯ ಬಣ್ಣ, ಪೋಸ್ಟರ್ ಕಲರ್‌ಗಳೂ ಬೇಡ. ಮೇಣದಬತ್ತಿಯ ಬಣ್ಣ ಎಣ್ಣೆಯಲ್ಲಿ ಕರಗುವಂಥದ್ದು, ಅದು ಈ ಬೇಸಿನಲ್ಲಿ ಸರಿಯಾಗಿ ಬೆರೆಯುವುದೂ ಇಲ್ಲ.

ಉತ್ತರ: ಅಚ್ಚುಮೆಚ್ಚು, ಹುಬ್ಬಳ್ಳಿ

ಸರ್ ಅವರು ಕಾರಣಗಳನ್ನು ಹೇಳಿರುವುದರಿಂದ ನಾನು ಕೈಕೆಲಸದ ಭಾಗವನ್ನು ಬರೆಯುತ್ತೇನೆ. ನಾನು ಮನೆಯಲ್ಲಿ ತರಗತಿ ನಡೆಸುತ್ತೇನೆ; ಹೊಸದಾಗಿ ಕಲಿಯಲು ಬರುವವರು ಎಡವುವುದು ಬಣ್ಣದ ಆಯ್ಕೆಯಲ್ಲಿ ಎಷ್ಟೋ ಅದನ್ನು ಬೆರೆಸುವ ರೀತಿಯಲ್ಲಿಯೂ ಅಷ್ಟೇ.

ಆಕ್ಸೈಡ್ ಪುಡಿಯನ್ನು ಎಂದಿಗೂ ನೇರವಾಗಿ ಕರಗಿದ ಬೇಸಿಗೆ ಉದುರಿಸಬಾರದು. ಉದುರಿಸಿದರೆ ಅದು ಒಳಗೆ ಒಣಪುಡಿಯೇ ಉಳಿದಿರುವ ಸಾಸಿವೆಯಂಥ ಗಂಟುಗಳಾಗುತ್ತದೆ. ಎಷ್ಟು ಕಲಕಿದರೂ ಆ ಗಂಟು ಒಡೆಯುವುದಿಲ್ಲ. ಸಾಬೂನನ್ನು ಕತ್ತರಿಸಿದಾಗ ಚಾಕುವಿನ ಅಲಗಿಗೆ ಸಿಕ್ಕಿ, ಬಿಳಿಯ ಮೈಮೇಲೆ ಕೆಂಪು ಗೀರು ಎಳೆದುಕೊಂಡು ಬರುತ್ತದೆ. ಒಂದು ಸಣ್ಣ ಬಟ್ಟಲಿನಲ್ಲಿ ಒಂದು ಪಾಲು ಪುಡಿಗೆ ಎರಡು ಮೂರು ಪಾಲು ಗ್ಲಿಸರಿನ್ ಹಾಕಿ, ಚಮಚದ ಬೆನ್ನಿನಿಂದ ಬಟ್ಟಲಿನ ಗೋಡೆಗೆ ಒತ್ತಿ ಒತ್ತಿ ಅರೆಯಿರಿ. ಬೆರಳ ತುದಿಗೆ ಸವರಿಕೊಂಡು ತಿಕ್ಕಿದಾಗ ತರಿ ಸಿಗಬಾರದು. ಈ ಲೇಪವನ್ನು ಮುಚ್ಚಳವಿರುವ ಸೀಸೆಯಲ್ಲಿ ಇಟ್ಟುಕೊಂಡರೆ ಬೇಕಾದಾಗ ಹನಿಹನಿಯಾಗಿ ತೆಗೆದು ಬಳಸಬಹುದು. ಮೈಕಾ ಇಷ್ಟು ಹಟ ಮಾಡುವುದಿಲ್ಲ. ಅದನ್ನು ಸ್ವಲ್ಪ ಗ್ಲಿಸರಿನ್ ಅಥವಾ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಕದಡಿ ಹಾಕಿದರೆ ಸಾಕು.

ಅರ್ಧ ಕಿಲೋ ಬೇಸಿಗೆ ಆಕ್ಸೈಡ್ ಕಾಲು ಟೀ ಚಮಚವನ್ನು ಮೀರಬಾರದು, ಆರಂಭಿಸುವುದಂತೂ ಅದರ ಅರ್ಧದಿಂದ. ಮೈಕಾ ಅರ್ಧದಿಂದ ಒಂದು ಟೀ ಚಮಚದವರೆಗೆ ಹಿಡಿಸುತ್ತದೆ. ಬಣ್ಣ ಹೆಚ್ಚಾಯಿತು ಎಂಬುದಕ್ಕೆ ನೊರೆಯೇ ಸಾಕ್ಷಿ: ಕೈಯುಜ್ಜಿದಾಗ ನೊರೆ ಬಿಳಿಯಾಗಿರಬೇಕು, ಬಿಳಿಯ ಟವೆಲಿಗೆ ಕಲೆ ಆಗಬಾರದು. ಪಾತ್ರೆಯಲ್ಲಿ ಕಾಣುವ ಬಣ್ಣವನ್ನು ನಂಬಬೇಡಿ; ಆಳವಾದ ದ್ರವ ಯಾವಾಗಲೂ ಗಾಢವಾಗಿ ಕಾಣುತ್ತದೆ. ಒಂದು ಚಮಚವನ್ನು ಬಿಳಿಯ ಪಿಂಗಾಣಿ ತಟ್ಟೆಯ ಮೇಲೆ ಹೊಯ್ದು, ಗಟ್ಟಿಯಾದ ಮೇಲೆ ನೋಡಿ ತೀರ್ಮಾನಿಸಿ.

ಯಾವ ಬೇಸಿಗೆ ಯಾವುದು ಎಂಬುದನ್ನೂ ಗಮನಿಸಬೇಕು. ಬಿಳಿಯ ಬೇಸಿನಲ್ಲಿ ಟೈಟಾನಿಯಂ ಡೈಆಕ್ಸೈಡ್ ಮೊದಲೇ ಇರುವುದರಿಂದ ಅದಕ್ಕೆ ಹಾಕಿದ ಯಾವ ಬಣ್ಣವೂ ತಿಳಿಯಾಗುತ್ತದೆ: ಕೆಂಪು ಗುಲಾಬಿಯಾಗುತ್ತದೆ, ಕಪ್ಪು ಬೂದಿಯಾಗುತ್ತದೆ, ಮೈಕಾದ ಹೊಳಪು ಪೂರ್ತಿ ಸಾಯುತ್ತದೆ. ಮೈಕಾಕ್ಕೆ ಪಾರದರ್ಶಕ ಬೇಸೇ ಸರಿ. ಆದ್ದರಿಂದ ನಿಮ್ಮ ಮೂರು ಪದರಗಳಲ್ಲಿ ಕೆಂಪನ್ನೂ ಹಳದಿಯನ್ನೂ ಪಾರದರ್ಶಕ ಬೇಸಿನಲ್ಲಿ ಮಾಡಿ, ನಡುವಿನ ಪದರಕ್ಕೆ ಮಾತ್ರ ಬಿಳಿಯ ಬೇಸನ್ನು ಬಣ್ಣವಿಲ್ಲದೆ ಹೊಯ್ಯಿರಿ.

ಒಂದು ನಿರಾಸೆಯ ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ಹರಿಯದ ಬಣ್ಣಗಳಲ್ಲಿ ಕುಂಕುಮದಂಥ ಉಜ್ವಲ ಕೆಂಪು ಸಿಗುವುದು ಕಷ್ಟ. ಐರನ್ ಆಕ್ಸೈಡಿನ ಕೆಂಪು ಹಂಚಿನ ಬಣ್ಣದ ಕೆಂಪು, ಅದರ ಹಳದಿ ಸಾಸಿವೆ ಬಣ್ಣದ ಹಳದಿ. ಮಂಗಳೂರು ಹೆಂಚಿನ ನಾಡಿನವರಾದ ನಿಮಗೆ ಅದು ಒಪ್ಪಬಹುದು ಎಂದುಕೊಳ್ಳುತ್ತೇನೆ. ಕುಂಕುಮದ ಕೆಂಪೇ ಬೇಕು ಎಂದರೆ ಪದರಗಳ ಆಸೆ ಬಿಟ್ಟು, ಡೈ ಹಾಕಿದ ಒಂದೇ ಬಣ್ಣದ ಪಾರದರ್ಶಕ ಸಾಬೂನು ಮಾಡಿ. ಹರಿಯಲು ಪಕ್ಕದಲ್ಲಿ ಬೇರೆ ಪದರವೇ ಇಲ್ಲದಿದ್ದಾಗ ಡೈ ಒಂದು ದೋಷವಲ್ಲ. ಗಾಜಿನಂತೆ ಬೆಳಕು ಹಾಯುವ ಬಣ್ಣ ಡೈಯಿಂದ ಬರುವಷ್ಟು ಚೆನ್ನಾಗಿ ಪಿಗ್ಮೆಂಟಿನಿಂದ ಬರುವುದೇ ಇಲ್ಲ. ಆದರೆ ಸಿಹಿತಿಂಡಿಯ ಬಾಟಲಿಯ ಬದಲು ಸೌಂದರ್ಯಸಾಧನಕ್ಕೆಂದೇ ಮಾರುವ ಡೈಯನ್ನು, ಕೆಲವೇ ಹನಿ ಬಳಸಿ.

ಉತ್ತರ: ಕಾಡುಹೂ, ಶಿರಸಿ

ಕ್ಷಾರಬಿಂದು ಸರ್ ಅವರ ವಿವರಣೆ ಸರಿಯಾಗಿದೆ, ಆದರೆ ಅದನ್ನು ಓದಿದವರು ಸಸ್ಯಮೂಲದ ಬಣ್ಣಗಳೇ ಪ್ರಯೋಜನವಿಲ್ಲ ಎಂದುಕೊಳ್ಳುವ ಸಂಭವವಿದೆ. ಕ್ಷಾರದಲ್ಲಿ ಬಣ್ಣ ಬದಲಾಗುವುದನ್ನು ಮೊದಲೇ ತಿಳಿದು, ಬದಲಾದ ಮೇಲಿನ ಬಣ್ಣವನ್ನೇ ಗುರಿಯಾಗಿಟ್ಟುಕೊಂಡರೆ ಇವುಗಳಿಂದಲೂ ಚೆನ್ನಾದ ಕೆಲಸ ಮಾಡಬಹುದು.

ಅರಿಶಿನವನ್ನೇ ತೆಗೆದುಕೊಳ್ಳಿ. ಹಳದಿ ಬೇಕೆಂದು ಹಾಕಿದರೆ ಸೋಲುತ್ತೀರಿ. ಅರ್ಧ ಕಿಲೋ ಬಿಳಿಯ ಬೇಸಿಗೆ ಒಂದು ಚಿಟಿಕೆ ಹಾಕಿ ಏಪ್ರಿಕಾಟ್ ಹಣ್ಣಿನ ಬಣ್ಣ, ಇನ್ನೊಂದಿಷ್ಟು ಹೆಚ್ಚಿಸಿ ಕಿತ್ತಳೆಯ ಬಣ್ಣ ಎಂದು ಲೆಕ್ಕ ಹಾಕಿದರೆ ಗೆಲ್ಲುತ್ತೀರಿ. ಹಳದಿಯೇ ಬೇಕಾದವರಿಗೆ ಅನಾಟೊ ಇದೆ. ನಮ್ಮ ಕಡೆ ರಂಗಮಾಲೆ ಎನ್ನುವ ಗಿಡದ, ಮುಳ್ಳುಮುಳ್ಳಾದ ಕಾಯಿಯೊಳಗಿನ ಕೆಂಪು ಬೀಜ ಅದು. ಬೀಜವನ್ನು ಕೊಬ್ಬರಿ ಎಣ್ಣೆಯಲ್ಲಿ ಹಾಕಿ ಬಿಸಿನೀರಿನ ಪಾತ್ರೆಯ ಮೇಲೆ ಸಣ್ಣಗೆ ಕಾಯಿಸಿ ಸೋಸಿದರೆ ಗಾಢ ಕಿತ್ತಳೆ ಬಣ್ಣದ ಎಣ್ಣೆ ಬರುತ್ತದೆ. ಅರ್ಧ ಕಿಲೋ ಬೇಸಿಗೆ ಅದರ ಒಂದು ಟೀ ಚಮಚ ಮಾತ್ರ ಹಾಕಬೇಕು, ಏಕೆಂದರೆ ಈ ಬೇಸು ಹೆಚ್ಚು ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುವುದಿಲ್ಲ; ನೊರೆ ಕುಗ್ಗುತ್ತದೆ, ಮೇಲ್ಮೈ ಜಿಡ್ಡಾಗುತ್ತದೆ.

ಮಂಜಿಷ್ಠದ ಬೇರಿನ ಪುಡಿ ಸಾಬೂನಿನಲ್ಲಿ ಗುಲಾಬಿಯಿಂದ ನೇರಳೆಯತ್ತ ಹೋಗುತ್ತದೆ, ಬೀಟ್‌ರೂಟಿನಿಂದ ನೀವು ಬಯಸಿದ ಬಣ್ಣಕ್ಕೆ ಅದೇ ಹತ್ತಿರ. ರಕ್ತಚಂದನದ ಪುಡಿ ಕಂದುಗೆಂಪು ಕೊಡುತ್ತದೆ. ಗ್ರಂಥಿಗೆ ಅಂಗಡಿಯಲ್ಲಿ ರತನ್‌ಜೋತ್ ಎಂದು ಸಿಗುವ ಬೇರು ಎಣ್ಣೆಯಲ್ಲಿ ಕೆಂಪಾಗಿದ್ದು, ಸಾಬೂನಿಗೆ ಬಿದ್ದೊಡನೆ ನೇರಳೆ-ನೀಲಿಗೆ ತಿರುಗುವುದನ್ನು ನೋಡಲು ನನಗಂತೂ ಎಂದಿಗೂ ಬೇಸರವಿಲ್ಲ. ಕಪ್ಪಿಗೆ ಆಕ್ಟಿವೇಟೆಡ್ ಚಾರ್ಕೋಲ್ ಇದೆ, ಅದಕ್ಕೆ ಬಿಸಿಲಿನ ಭಯವಿಲ್ಲ, ಹರಿಯುವ ಭಯವೂ ಇಲ್ಲ. ಮುಲ್ತಾನಿ ಮಿಟ್ಟಿ ತಿಳಿ ಮಣ್ಣಿನ ಬಣ್ಣ ಕೊಡುತ್ತದೆ. ಹಸಿರು ಮಾತ್ರ ಮೋಸಗಾತಿ: ಬೇವಿನ ಪುಡಿ, ನುಗ್ಗೆಸೊಪ್ಪಿನ ಪುಡಿ, ಪಾಲಕ್ ಪುಡಿ ಯಾವುದೇ ಆಗಲಿ ಹೊಸದರಲ್ಲಿ ಹಸಿರಾಗಿದ್ದು, ಬೆಳಕಿಗೆ ಒಡ್ಡಿದರೆ ಒಣಗಿದ ಎಲೆಯ ಬಣ್ಣಕ್ಕೆ ಬರುತ್ತವೆ.

ಒಂದು ಕಟ್ಟುನಿಟ್ಟಿನ ಮಾತು. ಹಸಿ ರಸ, ರುಬ್ಬಿದ ಸೊಪ್ಪು, ಹಣ್ಣಿನ ತಿರುಳು, ಹಾಲು ಇವನ್ನು ಮೆಲ್ಟ್ ಅಂಡ್ ಪೋರ್ ಬೇಸಿಗೆ ಹಾಕಲೇಬಾರದು. ಹಸಿಯಾದ ಪದಾರ್ಥ ಅದರೊಳಗೆ ಹಳಸುತ್ತದೆ, ಬೂಸಲು ಹಿಡಿಯುತ್ತದೆ, ಮಗುವಿರುವ ಮನೆಗೆ ಅಂಥದ್ದನ್ನು ಕೊಡುವುದು ಸರಿಯಲ್ಲ. ಚೆನ್ನಾಗಿ ಒಣಗಿಸಿದ, ತೆಳುಬಟ್ಟೆಯಲ್ಲಿ ಸೋಸಿದ ಪುಡಿ ಅಥವಾ ಎಣ್ಣೆಯಲ್ಲಿ ಇಳಿಸಿದ ಬಣ್ಣ ಮಾತ್ರ ಸಲ್ಲುತ್ತದೆ. ಪುಡಿ ತರಿತರಿಯಾಗಿದ್ದರೆ ಮೈ ಕೆರೆಯುತ್ತದೆ ಎಂಬುದನ್ನೂ ಮರೆಯಬೇಡಿ.

ಉತ್ತರ: ಕ್ಷಾರಬಿಂದು, ಮೈಸೂರು

ಕಾಡುಹೂ ಅವರ ಮಾತನ್ನು ಒಪ್ಪುತ್ತೇನೆ. ಬದಲಾದ ಬಣ್ಣವನ್ನೇ ಗುರಿಯಾಗಿಸುವುದು ನಿಜವಾಗಿಯೂ ಜಾಣತನ. ಮಣ್ಣಿನ ವಿಚಾರದಲ್ಲಿ ಒಂದು ಎಚ್ಚರಿಕೆ ಸೇರಿಸಬೇಕು. ಹಿತ್ತಲಿನ ಕೆಮ್ಮಣ್ಣೂ ಐರನ್ ಆಕ್ಸೈಡೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಕೆಂಪಿಗೆ ಕಾರಣ ಅದೇ ಹೌದು, ಆದರೆ ಅದರ ಜೊತೆಗೆ ಸೀಸ, ಆರ್ಸೆನಿಕ್‌ಗಳಂಥ ಲೋಹಗಳೂ, ಸೂಕ್ಷ್ಮಜೀವಿಗಳ ಬೀಜಕಗಳೂ ಇರಬಹುದು. ಸೌಂದರ್ಯಸಾಧನಗಳಿಗೆ ಮಾರುವ ಆಕ್ಸೈಡುಗಳನ್ನು ಕಾರ್ಖಾನೆಯಲ್ಲಿ ಕೃತಕವಾಗಿ ತಯಾರಿಸುವುದೇ ಈ ಕಾರಣಕ್ಕೆ. ಇಲ್ಲಿ ಕೃತಕವಾದದ್ದೇ ನೈಸರ್ಗಿಕವಾದದ್ದಕ್ಕಿಂತ ಶುದ್ಧ. ಮತ್ತೊಂದು ಸಣ್ಣ ಸಂಗತಿ: ಅಲ್ಟ್ರಾಮರೀನ್ ಹಾಕಿದ ಬೇಸಿಗೆ ನಿಂಬೆರಸವನ್ನೋ ಸಿಟ್ರಿಕ್ ಆಮ್ಲವನ್ನೋ ಸೇರಿಸಬೇಡಿ. ಅದರಲ್ಲಿ ಗಂಧಕವಿದೆ, ಆಮ್ಲ ತಗುಲಿದರೆ ನೀಲಿ ಮಾಸಿ ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ.

ಮಲ್ಲಿಗೆಹಂದರ, ಪುತ್ತೂರು

ಎಲ್ಲರ ಉತ್ತರಗಳನ್ನೂ ಓದಿ, ಅತ್ತೆಯವರಿಗೂ ಓದಿ ಹೇಳಿದೆ. ಓಕುಳಿಯ ಉದಾಹರಣೆ ಕೇಳಿದ ಮೇಲೆ ಅವರು ನೀಲಿಯ ಡಬ್ಬಿಯನ್ನು ತಾವೇ ಒಳಗಿಟ್ಟರು. ಸಂಖ್ಯೆಗಳನ್ನು ನೋಡಿಕೊಂಡು ಕೆಂಪು ಆಕ್ಸೈಡನ್ನೂ ಚಿನ್ನದ ಬಣ್ಣದ ಮೈಕಾವನ್ನೂ ತರಿಸಿಕೊಂಡಿದ್ದೇನೆ. ಕೆಂಪು ಹರಿಯುತ್ತಿಲ್ಲ, ಹಂಚಿನ ಬಣ್ಣ ನಮಗೆ ಇಷ್ಟವೂ ಆಯಿತು.

ಈಗ ಉಳಿದಿರುವುದು ಮೂರು ಸಂದೇಹಗಳು. ಮೈಕಾ ಎಲ್ಲವೂ ಅಚ್ಚಿನ ತಳಕ್ಕೆ ಇಳಿದು ಕೂರುತ್ತದೆ, ಮೇಲಿನ ಭಾಗ ಬರಿದಾಗಿ ಕಾಣುತ್ತದೆ. ಇದಕ್ಕೆ ಏನು ಮಾಡಬೇಕು? ಎರಡನೆಯದಾಗಿ, ಬಣ್ಣವನ್ನೇ ಹಾಕದೆ ಸುಗಂಧ ಮಾತ್ರ ಬೆರೆಸಿದ ಬಿಳಿಯ ಸಾಬೂನು ಕೂಡ ನಿಧಾನವಾಗಿ ಚಹಾದ ಬಣ್ಣಕ್ಕೆ ತಿರುಗಿದೆ, ಅದಕ್ಕೆ ಕಾರಣವೇನು? ಮೂರನೆಯದಾಗಿ, ನೆರೆಯವರು ದುಡ್ಡು ಕೊಟ್ಟೇ ಕೊಳ್ಳುತ್ತೇವೆ ಎನ್ನುತ್ತಿದ್ದಾರೆ, ಹಾಗೆ ಮಾರಬಹುದೇ?

ಉತ್ತರ: ಅಚ್ಚುಮೆಚ್ಚು, ಹುಬ್ಬಳ್ಳಿ

ಮೈಕಾ ಮುಳುಗುವುದು ಬೇಸು ಅತಿಯಾಗಿ ಬಿಸಿಯಿದ್ದಾಗ. ಬಿಸಿಯಿದ್ದಷ್ಟೂ ಅದು ನೀರಿನಂತೆ ತೆಳ್ಳಗಿರುತ್ತದೆ, ಭಾರವಾದ ಕಣವನ್ನು ತಡೆಹಿಡಿಯುವ ಶಕ್ತಿ ಅದಕ್ಕಿರುವುದಿಲ್ಲ. ಕರಗಿಸಿದ ಮೇಲೆ ಒಲೆಯಿಂದ ಇಳಿಸಿ, ಮೈಕಾ ಬೆರೆಸಿ, ಗುಳ್ಳೆ ಏಳದಂತೆ ನಿಧಾನವಾಗಿ ಕಲಕುತ್ತಲೇ ಇರಿ. ಸುಮಾರು 50 ಡಿಗ್ರಿ ಸೆಲ್ಸಿಯಸ್‌ಗೆ ಬರುವಾಗ ಪಾತ್ರೆಯ ಅಂಚಿನಲ್ಲಿ ತೆಳುವಾದ ಕೆನೆ ಕಟ್ಟತೊಡಗುತ್ತದೆ, ಚಮಚ ಎಳೆದ ದಾರಿ ಕ್ಷಣಕಾಲ ಉಳಿದು ಮುಚ್ಚಿಕೊಳ್ಳುತ್ತದೆ. ಹೊಯ್ಯಬೇಕಾದದ್ದು ಆಗ. ಇನ್ನೂ ತಡ ಮಾಡಿದರೆ ಗಂಟುಗಂಟಾಗಿ ಬೀಳುತ್ತದೆ, ಆದ್ದರಿಂದ ಅಚ್ಚನ್ನು ಮೊದಲೇ ಪಕ್ಕದಲ್ಲಿ ಸಿದ್ಧವಾಗಿಟ್ಟುಕೊಳ್ಳಿ. ಈ ಅಂಕಿ ಬೇಸಿನಿಂದ ಬೇಸಿಗೆ ತುಸು ಹೆಚ್ಚು ಕಡಿಮೆಯಾಗುತ್ತದೆ; ಸಸ್ಪೆನ್ಷನ್ ಬೇಸ್ ಎಂದು ಕೇಳಿ ತಂದರೆ ಅದರಲ್ಲಿ ಪುಡಿಗಳು ತೇಲಿ ನಿಲ್ಲುವಂತೆ ಮೊದಲೇ ಏರ್ಪಾಡು ಇರುತ್ತದೆ.

ಪದರಗಳಿಗೂ ಇದೇ ಉಷ್ಣತೆ ಉಪಯೋಗಕ್ಕೆ ಬರುತ್ತದೆ. ಕೆಳಗಿನ ಪದರ ಬೆರಳು ತಾಗಿಸಿದರೆ ಕುಸಿಯದಷ್ಟು ಗಟ್ಟಿಯಾಗಿರಬೇಕು, ಆದರೆ ಬೆಚ್ಚಗಿರಬೇಕು. ಅದರ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲನ್ನು ಮಂಜಿನಂತೆ ಸಿಂಪಡಿಸಿ, ಮುಂದಿನ ಪದರವನ್ನು 50ರಿಂದ 55 ಡಿಗ್ರಿಯಲ್ಲಿ ಚಮಚದ ಬೆನ್ನಿನ ಮೇಲಿಂದ ಹರಿಯಬಿಡಿ. ಹೆಚ್ಚು ಬಿಸಿಯಿದ್ದರೆ ಕೆಳಗಿನದು ಕರಗಿ ಬಣ್ಣಗಳು ಕಲೆಸುತ್ತವೆ. ಕೆಳಗಿನದು ತಣ್ಣಗಾಗಿಬಿಟ್ಟಿದ್ದರೆ ಎರಡೂ ಅಂಟಿಕೊಳ್ಳದೆ, ಸ್ನಾನದ ಮನೆಯಲ್ಲಿ ಬಿಲ್ಲೆಗಳಂತೆ ಬೇರೆಯಾಗುತ್ತವೆ. ಆಲ್ಕೊಹಾಲ್ ಬೇಗ ಹೊತ್ತಿಕೊಳ್ಳುವ ವಸ್ತು, ಗ್ಯಾಸ್ ಒಲೆ ಉರಿಯುತ್ತಿರುವಾಗ ಹತ್ತಿರದಲ್ಲಿ ಸಿಂಪಡಿಸಬೇಡಿ.

ಬೇಸನ್ನು ಕುದಿಸಲೂ ಬಾರದು. ಬಿಸಿನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ. ಕುದಿದ ಬೇಸಿನಲ್ಲಿ ನೀರು ಆವಿಯಾಗಿ ಅದು ರಬ್ಬರಿನಂತಾಗುತ್ತದೆ, ತಾನೇ ಹಳದಿ ಛಾಯೆಗೆ ತಿರುಗುತ್ತದೆ. ಆಗ ನೀಲಿ ಹಾಕಿದರೂ ಹಸಿರಾಗಿ ಕಾಣುತ್ತದೆ.

ನೀವು ಕರಾವಳಿಯ ಸಮೀಪದವರಾದ್ದರಿಂದ ಇನ್ನೊಂದು ಮಾತು. ಗ್ಲಿಸರಿನ್ ಗಾಳಿಯ ತೇವವನ್ನು ಹೀರುತ್ತದೆ. ಮಳೆಗಾಲದಲ್ಲಿ ತೆರೆದಿಟ್ಟ ಸಾಬೂನಿನ ಮೈಮೇಲೆ ಬೆವರಿನ ಹನಿ ಕೂರುವುದು ಅದಕ್ಕೇ. ಡೈ ಹಾಕಿದ ಸಾಬೂನಾದರೆ ಆ ಹನಿಯೊಳಗೆ ಬಣ್ಣ ಇಳಿದು ಸುತ್ತಿದ ಕಾಗದಕ್ಕೆಲ್ಲ ಹತ್ತುತ್ತದೆ. ಬೇಗ ಗಟ್ಟಿಯಾಗಲೆಂದು ಫ್ರಿಜ್‌ನಲ್ಲಿ ಇಡುವುದರಿಂದ ಈ ಕಾಟ ಹೆಚ್ಚಾಗುತ್ತದೆ. ಅಚ್ಚಿನಿಂದ ತೆಗೆದು ಪೂರ್ತಿ ತಣ್ಣಗಾದ ಕೂಡಲೇ ತೆಳುವಾದ ಕ್ಲಿಂಗ್ ಫಿಲ್ಮ್‌ನಲ್ಲಿ ಗಾಳಿಯಾಡದಂತೆ ಸುತ್ತಿಬಿಡಿ, ಮೇಲಿಂದ ಬಣ್ಣದ ಕಾಗದವನ್ನೋ ಬಾಳೆನಾರನ್ನೋ ಕಟ್ಟಿದರೆ ತಾಂಬೂಲದ ತಟ್ಟೆಗೆ ಒಪ್ಪುತ್ತದೆ.

ಉತ್ತರ: ಕ್ಷಾರಬಿಂದು, ಮೈಸೂರು

ಮಾರಾಟದ ಬಗ್ಗೆ. ನೆಂಟರಿಗೆ ಉಡುಗೊರೆ ಕೊಡುವುದು ಬೇರೆ, ಹಣ ಪಡೆದು ಕೊಡುವುದು ಬೇರೆ. ಮಾರಾಟಕ್ಕಾಗಿ ಸೌಂದರ್ಯಸಾಧನಗಳನ್ನು ತಯಾರಿಸುವವರು 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ರಾಜ್ಯದ ಪರವಾನಗಿ ಪ್ರಾಧಿಕಾರದಿಂದ ಲೈಸೆನ್ಸ್ ಪಡೆಯಬೇಕು. ಬಳಸಬಹುದಾದ ಬಣ್ಣಗಳನ್ನು ಭಾರತೀಯ ಮಾನಕ ಬ್ಯೂರೋದ ಐ.ಎಸ್. 4707ರ ಮೊದಲ ಭಾಗ ಪಟ್ಟಿ ಮಾಡುತ್ತದೆ. ಸಾವಯವ, ಅಂದರೆ ಇಂಗಾಲದ ಸಂಯುಕ್ತಗಳಾದ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 20 ಭಾಗವನ್ನೂ ಆರ್ಸೆನಿಕ್ 2 ಭಾಗವನ್ನೂ ಮೀರಬಾರದು ಎಂಬ ಮಿತಿಯಿದೆ. ಪೊಟ್ಟಣದ ಮೇಲಿನ ಸಂಖ್ಯೆ ನೋಡಿ ಎಂದು ನಾನು ಒತ್ತಿ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಉತ್ತರ: ಗಂಧದಂಗಡಿ, ಬೆಂಗಳೂರು

ಸಾಬೂನು ಕಂದಾದದ್ದಕ್ಕೆ ಉತ್ತರ ಯಾರೂ ಬರೆದಿಲ್ಲವಾದ್ದರಿಂದ ಸೇರಿಸುತ್ತೇನೆ. ಅದು ಸುಗಂಧದಲ್ಲಿರುವ ವ್ಯಾನಿಲಿನ್‌ನ ಕೆಲಸ. ವ್ಯಾನಿಲಾ ಎಂದು ಹೆಸರಿಟ್ಟ ಸುಗಂಧದಲ್ಲಿ ಮಾತ್ರವಲ್ಲ, ಚಂದನ, ಚಾಕೊಲೇಟ್, ಕೆಲವು ಹೂವಿನ ಮಿಶ್ರಣಗಳಲ್ಲಿಯೂ ಮಾಧುರ್ಯಕ್ಕೆಂದು ಅದನ್ನು ಸೇರಿಸಿರುತ್ತಾರೆ. ಗಾಳಿ ಮತ್ತು ಬೆಳಕಿಗೆ ಅದು ಕಂದು ಬಣ್ಣಕ್ಕೆ ತಿರುಗುತ್ತದೆ, ಪ್ರಮಾಣ ಹೆಚ್ಚಿದ್ದಷ್ಟೂ ಗಾಢವಾಗುತ್ತದೆ. ಕೊಳ್ಳುವಾಗ ವ್ಯಾನಿಲಿನ್ ಎಷ್ಟು ಶೇಕಡಾ ಇದೆ ಎಂದು ಕೇಳಿ. ಒಳ್ಳೆಯ ವ್ಯಾಪಾರಿ ಅದನ್ನು ಹೇಳುತ್ತಾನೆ. ವ್ಯಾನಿಲಾ ಸ್ಟೆಬಿಲೈಜರ್ ಎಂಬ ದ್ರವ ಸಿಗುತ್ತದೆ, ಅದು ಕಂದುವುದನ್ನು ಮುಂದೂಡುತ್ತದೆ, ಎಲ್ಲ ಸುಗಂಧದಲ್ಲಿಯೂ ಪೂರ್ತಿ ತಡೆಯುತ್ತದೆ ಎಂದು ನಂಬಿಕೊಳ್ಳಬೇಡಿ.

ಪದರದ ಸಾಬೂನಿನಲ್ಲಿ ಇದರ ಉಪದ್ರವ ಇನ್ನೂ ಒಂದಿದೆ. ವ್ಯಾನಿಲಿನ್ ಕೂಡ ಡೈಯಂತೆ ಪಕ್ಕದ ಪದರಕ್ಕೆ ಸರಿಯುತ್ತದೆ. ಕೆಂಪು ಪದರಕ್ಕೆ ಮಾತ್ರ ಚಂದನದ ಸುಗಂಧ ಹಾಕಿ ಬಿಳಿಯನ್ನು ಹಾಗೆಯೇ ಬಿಟ್ಟರೂ, ಆಕ್ಸೈಡ್ ತನ್ನ ಜಾಗದಲ್ಲೇ ಇದ್ದು ಬಿಳಿಯ ಅಂಚು ಮಾತ್ರ ಕಂದಾಗಬಹುದು. ನಿಮ್ಮ ಮೂರು ಪದರಗಳಿಗೂ ವ್ಯಾನಿಲಿನ್ ಇಲ್ಲದ ಒಂದೇ ಸುಗಂಧವನ್ನು, ಲಾವಂಚವನ್ನೋ ಮಜ್ಜಿಗೆಹುಲ್ಲಿನ ಎಣ್ಣೆಯನ್ನೋ, ಬೇಸಿನ ತೂಕದ ಶೇಕಡಾ 1ರಷ್ಟು ಹಾಕಿ ನೋಡಿ. ನಾಮಕರಣಕ್ಕೆ ಇನ್ನೂ ಸಮಯವಿದ್ದರೆ ಒಂದು ಸಾಬೂನನ್ನು ಮೊದಲು ಮಾಡಿ, ಅರ್ಧವನ್ನು ಕಿಟಕಿಯ ಬಳಿ, ಇನ್ನರ್ಧವನ್ನು ಕಪಾಟಿನೊಳಗೆ ಇಟ್ಟು ಹೋಲಿಸಿ, ಆಮೇಲೆ ಉಳಿದವುಗಳಿಗೆ ಕೈಹಾಕಿ.